ಬನಿಯಾಸ್ ಮನೆಯ ಎಡ ಬಾಗಿಲುಗಳು

ತಂಗಿಯ ಮಗಳು ಪ್ರೀಮಾಳಿಗೆ ದುಬೈಯ ಒಂದು ಫರ್ನಿಚರ್ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ. ಸಾಮಾನು ಮಾರುವ ಕೆಲಸವಲ್ಲ, ಮಾರಿದ ಮೇಲೆ ಬರುವ ದೂರುಗಳನ್ನು ಕೇಳುವ ಕೆಲಸ. ಕಳೆದ ಭಾನುವಾರ ಇಗರ್ಜಿಯಿಂದ ಹೊರಗೆ ಬರುವಾಗ ಸೋದರಮಾವನಾದ ನನ್ನ ಕೈ ಹಿಡಿದು ನಿಲ್ಲಿಸಿದಳು.

"ಮಾಮ್, ನೀವು ಇದೇ ಲೈನಿನಲ್ಲಿ ರಿಟೈರ್ ಆದವರಲ್ವಾ? ಮೂರು ಟಿಪ್ಸ್ ಕೊಡಿ. ಮೆಸೇಜ್ ಹಾಕಿದ್ರೆ ಸಾಕು. ಪ್ಲೀಸ್, ನೋ ಲಾಂಗ್ ಸ್ಟೋರಿ."

ನನ್ನ ಹತ್ತಿರ ಇರುವುದು ಲಾಂಗ್ ಸ್ಟೋರಿ ಮಾತ್ರ. ನೆಂಟರ ಮದುವೆಗಳಲ್ಲಿ, ಕಂಪನಿಯ ಪಿಕ್‌ನಿಕ್‌ಗಳಲ್ಲಿ, ಒಮ್ಮೆ ವಿಮಾನ ತಡವಾದಾಗ ಪರಿಚಯವೇ ಇಲ್ಲದ ಏಳು ಜನರ ಎದುರಿಗೆ ಹೇಳಿದ ಕಥೆ. ಅಬುಧಾಬಿಯ ಹತ್ತಿರದ ಬನಿಯಾಸ್‌ನ ಒಂದು ಮನೆಯ ಕಪಾಟಿನ ಬಾಗಿಲಿನ ಕಥೆ. ಎಲ್ಲರೂ ನಗುತ್ತಾರೆ, ಕೊನೆಗೆ ನಾನು ಜಾಣನಾಗಿ ಕಾಣುತ್ತೇನೆ. ಅದನ್ನೇ ಬರೆದು ಕೊಡೋಣವೆಂದು ಕುಳಿತೆ. ಇತಿಹಾಸದಲ್ಲಿ ಎಂ.ಎ. ಮಾಡಿದವನಿಗೆ ಒಂದು ದುರಭ್ಯಾಸ ಇರುತ್ತದೆ, ಆಧಾರ ನೋಡುವುದು. ಗಲ್ಫ್‌ನಲ್ಲೇ ನಾನೀಗ ಇರುವ ಮಗಳ ಮನೆಯ ಮಂಚದ ಅಡಿಯಿಂದ ನನ್ನ ಹಳೆಯ ಡೈರಿಗಳನ್ನು ಎಳೆದೆ. ಎಳೆಯಬಾರದಿತ್ತು. ಆ ಬಾಗಿಲನ್ನು ತಿರುಗಿಸಿದವನು ನಾನೆಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಅದು ನಾನಲ್ಲ ಎಂದಾದರೆ ಒಬ್ಬ ಮನುಷ್ಯನಿಗೆ ನಾನು ಉತ್ತರ ಕೊಡಬೇಕಾಗುತ್ತದೆ. ಆದ್ದರಿಂದ ಪ್ರೀಮಾ, ಮೆಸೇಜಿನಲ್ಲಿ ಮುಗಿಯುವುದಿಲ್ಲ.

ನಾನಿದ್ದ ಕಂಪನಿ ಈಗ ಇಲ್ಲ, ಇಂಗ್ಲೆಂಡಿನಲ್ಲಿಯೂ ಇಲ್ಲ. ಹೆಸರು ಬರೆದರೂ ನಿಮಗೆ ಗುರುತಾಗದು. ಅಬುಧಾಬಿಯ ಟ್ಯಾಕ್ಸಿಯವರು ಬೋರ್ಡಿನ ಬಣ್ಣ ನೋಡಿ ಹಸಿರಂಗಡಿ ಎನ್ನುತ್ತಿದ್ದರು. ಎಲೆಕ್ಟ್ರಾ ಸ್ಟ್ರೀಟಿನ ಹತ್ತಿರ ಶೋರೂಮ್, ಮುಸಫ್ಫಾದಲ್ಲಿ ಗೋದಾಮು. ಇಂಗ್ಲೆಂಡಿನ ಊರೂರಲ್ಲಿ ಇದ್ದಂಥ ಅಂಗಡಿ ಅದು. ಬಣ್ಣ, ನಲ್ಲಿ, ವಾಲ್‌ಪೇಪರ್, ಮಂಚ, ಕಪಾಟು, ಮನೆಗೆ ಬೇಕಾದ ಎಲ್ಲವೂ ಒಂದೇ ಕಡೆ. ಜನ ತಾವೇ ಡಬ್ಬಿ ಒಡೆದು ತಾವೇ ಜೋಡಿಸಿಕೊಳ್ಳಬೇಕು ಎಂಬುದು ಅಲ್ಲಿಯ ಪದ್ಧತಿ. ಇಲ್ಲಿ ಹಾಗೆ ಹೇಳಿದರೆ ಗಿರಾಕಿಗಳು ನಮ್ಮ ಮುಖ ನೋಡಿ, "ಹಾಗಾದರೆ ನೀನು ಏತಕ್ಕೆ?" ಎಂದು ಕೇಳುತ್ತಿದ್ದರು. ಅದಕ್ಕಾಗಿ ಜೋಡಿಸುವ ಬಡಗಿಗಳನ್ನು ಇಟ್ಟುಕೊಂಡಿದ್ದರು.

ಪ್ರತಿ ತಿಂಗಳು ಇಂಗ್ಲೆಂಡಿನ ಹೆಡ್ ಆಫೀಸಿನಿಂದ ಅಂಗಡಿಯ ಎದುರಲ್ಲಿ ಏನಿಡಬೇಕೆಂಬ ಸುತ್ತೋಲೆ ಬರುತ್ತಿತ್ತು. ಅಲ್ಲಿ ಚಳಿಗಾಲವೆಂದರೆ ಇಲ್ಲಿಯೂ ಚಳಿಗಾಲ. ಹಿಮ ತೆಗೆಯುವ ಸಲಿಕೆಗಳನ್ನು ನಾವು ಬಾಗಿಲಿನ ಎದುರು ಸಾಲಾಗಿ ನಿಲ್ಲಿಸಿದೆವು. ಧೂಳಿನ ಬಿರುಗಾಳಿ ಬಂದ ಮರುದಿನ ಅವೆಲ್ಲ ಖಾಲಿಯಾದವು, ಮರಳು ತೆಗೆಯಲು ಅಷ್ಟು ಅಗಲದ ಸಲಿಕೆ ಜನರಿಗೆ ಬೇರೆಲ್ಲಿಯೂ ಸಿಕ್ಕಿರಲಿಲ್ಲ. ಹೆಡ್ ಆಫೀಸಿನಿಂದ ಅಭಿನಂದನೆಯ ಪತ್ರ ಬಂತು. ನಿಮ್ಮಲ್ಲಿ ಹಿಮದ ತೊಂದರೆ ಇಷ್ಟೊಂದು ಇದೆಯೆಂದು ತಿಳಿದಿರಲಿಲ್ಲ, ಇನ್ನೂ ಎರಡು ಪಟ್ಟು ಕಳಿಸುತ್ತಿದ್ದೇವೆ ಎಂದು. ಒಬ್ಬ ಗಿರಾಕಿ ಬೆಂಕಿಯಂತೆ ಹೊಳೆಯುವ ಎಲೆಕ್ಟ್ರಿಕ್ ಅಗ್ಗಿಷ್ಟಿಕೆಗಳನ್ನು ಆರು ಕೊಂಡು ತನ್ನ ಮಜ್ಲಿಸಿನ, ಎಂದರೆ ಅತಿಥಿಗಳ ಕೋಣೆಯ, ಸುತ್ತ ಇಟ್ಟ. ನಾನು ಹೋಗಿ ನೋಡಿದ್ದೇನೆ. ಆರೂ ಉರಿಯುತ್ತಿದ್ದವು, ಎಸಿ ಹದಿನಾರರಲ್ಲಿತ್ತು, ಅತಿಥಿಗಳು ಶಾಲು ಹೊದ್ದು ಕುಳಿತಿದ್ದರು. ನೋಡಿದ್ದೇನೆ ಎಂದು ಬರೆದೆ. ಡೈರಿಯಲ್ಲಿ ಶಾಲಿನ ಮಾತಿಲ್ಲ. ಶಾಲನ್ನು ನಾನೇ ಆಮೇಲೆ ಹೊದಿಸಿರಬಹುದು.

ಈಗ ಬಾಗಿಲಿನ ಕಥೆ. ಮೊದಲು ನಾನು ಹೇಳುತ್ತಾ ಬಂದ ಹಾಗೆಯೇ ಹೇಳುತ್ತೇನೆ.

ನನ್ನನ್ನು ದೂರು ವಿಭಾಗದ ಸೂಪರ್‌ವೈಸರ್ ಮಾಡಿದ ಮೊದಲ ವಾರ. ಬನಿಯಾಸ್‌ನ ಉಮ್ಮ್ ಖಲ್ಫಾನ್ ಎಂಬ ಅಜ್ಜಿ ಮಗನ ಮದುವೆಗೆಂದು ಎರಡು ಬಾಗಿಲಿನ ಕಪಾಟು ಕೊಂಡಿದ್ದರು. ಹೊಸ ಸೊಸೆಯ ಕೋಣೆಗೆ. ನಾನು ಶಿಸ್ತು ತೋರಿಸಲೆಂದು ಕೈಯಲ್ಲಿ ಪಟ್ಟಿ ಹಿಡಿದು ಬಡಗಿಯ ಜೊತೆಗೇ ಹೋದೆ. ಬಡಗಿ ಸದಾಶಿವ ಆಚಾರ್ಯ, ಕಾರ್ಕಳದ ಕಡೆಯವರು. ಬಾಗಿಲುಗಳನ್ನು ಡಬ್ಬಿಯಿಂದ ತೆಗೆದಾಗ ಪ್ರತಿಯೊಂದರ ಹಿಂಬದಿಯಲ್ಲಿ ಒಂದು ಕಾಗದದ ಚೀಟಿ, ಅದರಲ್ಲಿ ಮೇಲಕ್ಕೆ ತೋರಿಸುವ ಬಾಣ. ಬಾಣವನ್ನು ಮೇಲಕ್ಕಿಟ್ಟು ನಿಲ್ಲಿಸಿದರೆ ಎರಡೂ ಬಾಗಿಲುಗಳ ಕೀಲಿನ ತೂತುಗಳು ಒಂದೇ ಕಡೆ ಬಂದವು. ಎರಡೂ ಎಡ ಬಾಗಿಲು. ಒಂದನ್ನು ಕೂರಿಸಿದೆವು. ಬಲಗಡೆ ಖಾಲಿ.

ನಾನು ಅಜ್ಜಿಗೆ ಸಮಾಧಾನ ಹೇಳಿದೆ. "ಬುಕ್ರಾ. ನಾಳೆ ಬಲ ಬಾಗಿಲು ಬರುತ್ತದೆ."

ನಾಳೆ ಎಂದರೆ ಫಾರ್ಮ್ ತುಂಬಿ, ನಮ್ಮ ಮ್ಯಾನೇಜರ್ ಜಬ್ಬಾರ್ ಸಾಹೇಬರ ಸಹಿ ಹಾಕಿಸಿ, ಇಂಗ್ಲೆಂಡಿಗೆ ಕಳಿಸಿ, ಬಾಗಿಲು ಹಡಗಿನಲ್ಲಿ ಬರುವ ಕಾಲ. ನಾಲ್ಕು ತಿಂಗಳ ಮೇಲೆ ಬಾಗಿಲು ಬಂತು. ಬಾಣ ಮೇಲಿಟ್ಟು ನೋಡಿದೆ. ಎಡ ಬಾಗಿಲು. ಎರಡನೆಯ ಫಾರ್ಮಿನಲ್ಲಿ 'ಬಲ' ಎಂಬ ಪದದ ಅಡಿಗೆ ಗೆರೆ ಎಳೆದೆ. ಬಂದದ್ದು ಎಡ. ಮೂರನೆಯದರಲ್ಲಿ ಕೆಂಪು ಶಾಯಿ. ಎಡ. ನಾಲ್ಕನೆಯದಕ್ಕೆ ಚಿತ್ರ ಬರೆದು ಕಳಿಸಿದೆ. ಎರಡು ಬಾಗಿಲು ಒಟ್ಟಿಗೆ ಬಂದವು. ಎರಡೂ ಎಡ.

ಕಳಿಸುತ್ತಿದ್ದವರು ಬಿಡಿಭಾಗಗಳ ವಿಭಾಗದ ಮೌರೀನ್ ಎಂಬ ಹೆಂಗಸು. ಫ್ಯಾಕ್ಸಿನ ಕಾಲದಲ್ಲಿ ಅವರ ಸಹಿ ಮಾತ್ರ ಪರಿಚಯ. ಆಮೇಲೆ ಇಮೇಲ್ ಬಂದಾಗ ಕ್ರಿಸ್‌ಮಸ್ ಶುಭಾಶಯ ಕೂಡ ಬರತೊಡಗಿತು. ಫಾರ್ಮಿಗೆ ಉತ್ತರ ಮಾತ್ರ ಅದೇ. ನೀವು ಕೇಳಿದ ಬಾಗಿಲನ್ನು ಕಳಿಸಲಾಗಿದೆ.

ಅಷ್ಟರಲ್ಲಿ ಸೊಸೆ ಬಂದಳು. ಖಾಲಿ ಬದಿಗೆ ಪರದೆ ಹಾಕಿದರು. ಮೊಮ್ಮಗ ಹುಟ್ಟಿದ, ನಡೆಯಲು ಕಲಿತ, ಆ ಪರದೆಯ ಹಿಂದೆ ಅಡಗಿ ಆಟವಾಡತೊಡಗಿದ. ಕಳಿಸಿದ ಬಾಗಿಲು ಗಿರಾಕಿಯ ಸ್ವತ್ತು, ವಾಪಸು ತರುವಂತಿಲ್ಲ ಎಂಬುದು ನಿಯಮ. ಅಜ್ಜಿ ಒಂದನ್ನು ಎರಡು ಡ್ರಮ್ಮಿನ ಮೇಲಿಟ್ಟು ಚಹಾದ ಮೇಜು ಮಾಡಿದರು. ಇನ್ನೊಂದು ಇಸ್ತ್ರಿಯ ಹಲಗೆಯಾಯಿತು. ಒಂದು ಪಾರಿವಾಳದ ಗೂಡಿಗೆ ಸೂರು. ಒಂದು ಆಡಿನ ದೊಡ್ಡಿಗೆ ಬಾಗಿಲು. ಹೊಸ ಬಾಗಿಲು ಬಂದಾಗೆಲ್ಲ ನಾನು ಹೋಗುತ್ತಿದ್ದೆ. ಅಜ್ಜಿ ಬೊಂಬಾಯಿಯ ಹಿಂದಿಯನ್ನು ಅರಬ್ಬಿಯಲ್ಲಿ ಅದ್ದಿ ಮಾತಾಡುತ್ತಿದ್ದರು. ನನಗೆ ಮಿಸ್ಟರ್ ಬುಕ್ರಾ ಎಂದೇ ಹೆಸರಿಟ್ಟಿದ್ದರು.

"ಯಲ್ಲಾ, ಮಿಸ್ಟರ್ ಬುಕ್ರಾ ಬಂದ! ಈ ಸಲ ಏನು ತಂದೆ?"

"ಬಾಗಿಲು ಮಾಮಾ." ಅಲ್ಲಿ ಮನೆಯ ಹಿರಿಯ ಹೆಂಗಸನ್ನು ಹಾಗೆ ಕರೆಯುವುದು.

"ಕಪಾಟಿಗಾ, ಆಡಿಗಾ?"

"ನೋಡಬೇಕು."

ಐದು ವರ್ಷ ಹೀಗೆ. ಇಂಗ್ಲೆಂಡಿನಿಂದ ಬಂದದ್ದು ಏಳು ಬಾಗಿಲು. ಕೊನೆಗೆ ಇಂಗ್ಲೆಂಡಿನಲ್ಲಿ ಕಂಪನಿ ದಿವಾಳಿಯಾಗಿ ಅಂಗಡಿಗಳಿಗೆ ಬೀಗ ಬಿತ್ತು. ನಮಗೆ ಒಂದು ತಿಂಗಳ ಗಡುವು ಕೊಟ್ಟರು. ನಾನು ಅಜ್ಜಿಗೆ ಕ್ಷಮೆ ಕೇಳಲು ಬನಿಯಾಸ್‌ಗೆ ಹೋದೆ. ಅಂಗಳದಲ್ಲಿ ನಿಂತಿದ್ದಾಗ ಅಜ್ಜಿ ಆಡಿನ ದೊಡ್ಡಿಯ ಬಾಗಿಲು ತೆರೆದರು. ಅದು ಬಲಕ್ಕೆ ತೆರೆಯಿತು! ಎಡ ಬಾಗಿಲು ಬಲಕ್ಕೆ ಹೇಗೆ ತೆರೆಯುತ್ತದೆ? ಬಗ್ಗಿ ನೋಡಿದೆ. ಬಾಣ ನೆಲಕ್ಕೆ ಮುಖ ಮಾಡಿತ್ತು. ತಲೆಕೆಳಗು ಮಾಡಿದರೆ ಎಡ ಬಾಗಿಲೇ ಬಲ ಬಾಗಿಲು! ಇಸ್ತ್ರಿಯ ಹಲಗೆಯನ್ನು ಎತ್ತಿಕೊಂಡು ಒಳಗೆ ಓಡಿದೆ, ತಿರುಗಿಸಿದೆ, ಸ್ಕ್ರೂಡ್ರೈವರ್ ಹಿಡಿದೆ. ಚಹಾ ಆರುವುದರೊಳಗೆ ಬಾಗಿಲು ಕೂತಿತು. ಅಜ್ಜಿ ಎರಡು ಸಲ ತೆರೆದು ಮುಚ್ಚಿ ನೋಡಿ ಹೇಳಿದರು, "ಖಲಾಸ್. ಬುಕ್ರಾ ಬಂತು."

ಇಲ್ಲಿ ಎಲ್ಲರೂ ನಗುತ್ತಾರೆ. ನಾನು ಗ್ಲಾಸು ಎತ್ತುತ್ತೇನೆ.

ಈಗ ಡೈರಿಗೆ ಬರೋಣ.

ಕೊನೆಯ ವರ್ಷದ ಡೈರಿಯನ್ನು ಮೊದಲು ತೆಗೆದೆ. ಅಜ್ಜಿಯ ಮನೆಗೆ ಹೋದ ದಿನಕ್ಕಿಂತ ಒಂದು ದಿನ ಹಿಂದಿನ ಪುಟದಲ್ಲಿ ಮೌರೀನರ ಕೊನೆಯ ಇಮೇಲನ್ನು ನಾನು ಕೈಯಾರೆ ನಕಲು ಮಾಡಿಕೊಂಡಿದ್ದೇನೆ. ಇನ್ನು ತಮ್ಮಿಂದ ಏನನ್ನೂ ಕಳಿಸಲಾಗದು, ನಾಳೆ ತಾವೂ ಮನೆಗೆ ಎಂದು ತಿಳಿಸಿ ಮುಂದೆ ಬರೆದಿದ್ದರು: "ಹೋಗುವ ಮೊದಲು ಒಂದು ಪ್ರಶ್ನೆ, ಬೇಸರಿಸಬೇಡಿ. ಆ ಕಪಾಟಿಗೆ ಇರುವುದು ಒಂದೇ ಬಗೆಯ ಬಾಗಿಲು. ತಿರುಗಿಸಿದರೆ ಬಲ, ತಿರುಗಿಸದಿದ್ದರೆ ಎಡ. ಬಾಣ ಇರುವುದು ಲಾರಿಯಲ್ಲಿ ಪೇರಿಸುವವರಿಗೆ. ನಿಮಗೆ ಅಷ್ಟೊಂದು ಬಾಗಿಲು ಏತಕ್ಕೆ ಬೇಕಾಗಿತ್ತು? ನಮ್ಮ ವಿಭಾಗದಲ್ಲಿ ಐದು ವರ್ಷದಿಂದ ಎಲ್ಲರೂ ಊಹಿಸುತ್ತಿದ್ದೇವೆ."

ಅಂದರೆ ಆಡಿನ ದೊಡ್ಡಿಯ ಎದುರು ನನಗೆ ಯಾವ ಜ್ಞಾನೋದಯವೂ ಆಗಿರಲಿಲ್ಲ. ನನಗೆ ಹಿಂದಿನ ದಿನವೇ ಗೊತ್ತಿತ್ತು. ಅದು ನನಗೆ ನಿಜವಾಗಿಯೂ ಮರೆತಿತ್ತೇ? ಗೊತ್ತಿಲ್ಲ. ಆ ಇಮೇಲ್ ಇದ್ದರೆ ಕಥೆಗೆ ರುಚಿ ಇರುವುದಿಲ್ಲ ಎಂದು ಒಮ್ಮೆ ಬಿಟ್ಟಿರಬೇಕು. ಬಿಡುತ್ತಾ ಬಿಡುತ್ತಾ ಅದು ಮನಸ್ಸಿನಿಂದಲೂ ಬಿಟ್ಟುಹೋಗಿರಬೇಕು.

ಮರುದಿನದ ಪುಟ ಹೀಗಿದೆ: "ಬನಿಯಾಸ್. ಆಚಾರ್ಯ ಜೊತೆಗೆ ಬಂದ. ನಾನು ಬಾಗಿಲು ಹಿಡಿದುಕೊಂಡೆ, ಅವನು ಕೂರಿಸಿದ. 'ಬಾಣ ಕೆಳಗೆ ಹೋಯ್ತಲ್ಲ ಪೊರ್ಬುಗಳೇ, ಪರ್ವಾಗಿಲ್ವಾ?' ಎಂದು ಕೇಳಿದ. ಉತ್ತರ ಕೊಡಲಿಲ್ಲ." ಪೊರ್ಬು ಎಂಬುದು ನಮ್ಮ ಕರಾವಳಿಯಲ್ಲಿ ಕ್ರೈಸ್ತರನ್ನು ಕರೆಯುವ ಮಾತು. ಸ್ಕ್ರೂಡ್ರೈವರ್ ನನ್ನ ಕೈಯಲ್ಲಿರಲೇ ಇಲ್ಲ. ಐದು ವರ್ಷ ಒಬ್ಬ ಬಡಗಿಯ ಬಾಯಲ್ಲಿ ಕಾದಿದ್ದಂತಿರುವ ಆ ಪ್ರಶ್ನೆ ನನ್ನ ಕಥೆಯೊಳಗೆ ಎಲ್ಲಿಯೂ ಇಲ್ಲ.

ಅದಕ್ಕೂ ಐದು ವರ್ಷ ಹಿಂದಿನ ಡೈರಿಯನ್ನು ತೆರೆಯುವ ಮೊದಲು ಒಂದು ಲೋಟ ನೀರು ಕುಡಿದೆ. ಕಪಾಟು ಜೋಡಿಸಿದ ದಿನದ ಪುಟ: "ಎರಡನೆಯ ಬಾಗಿಲನ್ನು ಆಚಾರ್ಯ ತಲೆಕೆಳಗು ಮಾಡಿ ಕೂರಿಸಲು ಹೊರಟ. ಬಾಣದ ಗುರುತು ತೋರಿಸಿ ತಡೆದೆ. 'ಬಾಣ ಒಳಗಡೆ ಇರ್ತದೆ, ಯಾರಿಗೆ ಕಾಣ್ತದೆ ಮಾರಾಯ್ರೆ' ಎಂದು ವಾದಿಸಿದ. ಸೂಚನೆ ಮೀರಿದ್ದಕ್ಕೆ ಮೆಮೊ ಕೊಟ್ಟೆ. ಜಬ್ಬಾರ್ ಸಾಹೇಬರಿಗೆ ಸಂತೋಷವಾಯಿತು."

ಆಗಿರಬೇಕು. ಜಬ್ಬಾರ್ ಸಾಹೇಬರು ಭಟ್ಕಳದ ವ್ಯಾಪಾರಿ ಮನೆತನದವರು, ನಯವಾದ ಮನುಷ್ಯ, ಹೆಡ್ ಆಫೀಸೆಂದರೆ ಮಾತ್ರ ನಡುಕ. ಅವರ ಮಾತು ಈಗಲೂ ಕಿವಿಯಲ್ಲಿದೆ: "ನೋಡಿ ಸಿಪ್ರಿಯನ್, ನಾಳೆ ಇಂಗ್ಲೆಂಡಿನವರು ಕೇಳಿದ್ರೆ ತೋರಿಸ್ಲಿಕ್ಕೆ ನಮ್ಮ ಕೈಯಲ್ಲಿ ಒಂದು ಕಾಗದ ಬೇಕು. ಬಾಗಿಲು ಆಮೇಲೆ ನೋಡುವ."

ಈ ಪುಟವನ್ನು ಓದಿದಾಗಲೇ ಇನ್ನೊಂದು ಸಂಗತಿ ಹೊಳೆದದ್ದು. ಅದೇ ಮಾದರಿಯ ಕಪಾಟುಗಳನ್ನು ನಾವು ಎಷ್ಟೋ ಮನೆಗಳಿಗೆ ಮಾರಿದ್ದೆವು. ಒಂದು ಮನೆಯಿಂದಲೂ ಬಲ ಬಾಗಿಲು ಇಲ್ಲವೆಂಬ ದೂರು ಬಂದಿರಲಿಲ್ಲ. ಬಡಗಿಗಳು ಎಲ್ಲ ಕಡೆ ಸುಮ್ಮನೆ ತಿರುಗಿಸಿ ಕೂರಿಸಿ ಬಂದಿದ್ದರು. ಇಡೀ ಅಬುಧಾಬಿಯಲ್ಲಿ ಬಾಗಿಲು ಇಲ್ಲದೆ ಉಳಿದದ್ದು ಒಂದೇ ಕಪಾಟು. ನಾನು ಖುದ್ದಾಗಿ ನಿಂತು ಜೋಡಿಸಿದ್ದು.

ಇಷ್ಟೇ ಆಗಿದ್ದರೆ ನಕ್ಕು ಡೈರಿ ಮುಚ್ಚುತ್ತಿದ್ದೆ. ಕಂಪನಿ ಮುಚ್ಚುವಾಗ ಮುಸಫ್ಫಾದ ಗೋದಾಮನ್ನು ಬೇರೆ ಒಂದು ಸಂಸ್ಥೆ ತೆಗೆದುಕೊಂಡಿತು, ಜೊತೆಗೆ ಕೆಲವರನ್ನೂ. ನನ್ನನ್ನು ತೆಗೆದುಕೊಂಡರು, ನಿವೃತ್ತಿಯವರೆಗೂ ಅಲ್ಲಿಯೇ ಇದ್ದೆ. ಆಚಾರ್ಯರು ಊರಲ್ಲಿ ಸ್ವಂತ ಅಂಗಡಿ ಹಾಕುವ ಆಸೆಯಿಂದ ತಾವಾಗಿಯೇ ಹೋದರು ಎಂದು ನಾನು ಎಲ್ಲರಿಗೂ ಹೇಳಿದ್ದೇನೆ, ನನಗೂ ಹೇಳಿಕೊಂಡಿದ್ದೇನೆ. ಡೈರಿ ಹೇಳುವುದು ಬೇರೆ. ಬಾಗಿಲು ಕೂರಿಸಿದ ಹದಿನೈದು ದಿನದ ಮೇಲೆ: "ಹೊಸ ಕಂಪನಿಯ ಪಟ್ಟಿ ಬಂತು. ಫೈಲಿನಲ್ಲಿ ಮೆಮೊ ಇರುವವರನ್ನು ಬಿಟ್ಟಿದ್ದಾರೆ. ಆಚಾರ್ಯನ ಹೆಸರಿಲ್ಲ. ಇರುವುದು ಒಂದೇ ಮೆಮೊ, ಬನಿಯಾಸ್‌ನದು. ಜಬ್ಬಾರ್ ಸಾಹೇಬರ ಹತ್ತಿರ ಮಾತಾಡಬೇಕು."

ಮರುದಿನದ ಪುಟ: "ಹಲ್ಲು ನೋವು." ಅದರ ಮರುದಿನ: "ಹಲ್ಲು ನೋವು ಕಡಿಮೆ." ಆಮೇಲೆ ಆಚಾರ್ಯರ ವಿಷಯವೇ ಇಲ್ಲ.

ನಾನು ಮಾತಾಡಿದ್ದರೆ ಬರೆಯುತ್ತಿದ್ದೆ. ಹಲ್ಲು ನೋವನ್ನೂ ಬರೆದಿಟ್ಟವನು ಅದನ್ನು ಬಿಡುತ್ತಿರಲಿಲ್ಲ. ಅವರು ಮಾಡಿದ್ದು ಸರಿಯೆಂದು ಆಗ ನನಗೆ ಗೊತ್ತಿತ್ತು. ಮೌರೀನರ ಇಮೇಲನ್ನು ತೋರಿಸಿ ಮೆಮೊ ತಪ್ಪೆಂದು ಹೇಳಬಹುದಿತ್ತು. ಹೇಳಿದ್ದರೆ ಐದು ವರ್ಷ ಏಳು ಬಾಗಿಲು ತರಿಸಿದ ಪೆದ್ದ ಯಾರೆಂಬ ಪ್ರಶ್ನೆ ಏಳುತ್ತಿತ್ತು, ಆ ಪಟ್ಟಿಯಲ್ಲಿ ನನ್ನ ಹೆಸರೂ ಅಲ್ಲಾಡುತ್ತಿತ್ತು.

ಎರಡು ದಿನ ತಡೆದು, ಹಳೆಯ ಸಹೋದ್ಯೋಗಿಯೊಬ್ಬರಿಂದ ನಂಬರ್ ಪಡೆದು ಕಾರ್ಕಳಕ್ಕೆ ಫೋನ್ ಮಾಡಿದೆ. ಹಿಂದೆ ಗರಗಸದ ಕರ್ಕಶ ಶಬ್ದ ಕೇಳುತ್ತಿತ್ತು.

"ಆಚಾರ್ರೇ, ನಾನು ಸಿಪ್ರಿಯನ್. ಅಬುಧಾಬಿ. ಹಸಿರಂಗಡಿ."

"ಓಹೋ, ಪೊರ್ಬುಗಳು! ಎಂತ ಮಾರಾಯ್ರೆ, ಇನ್ನೂ ಅಲ್ಲೇ ಇದ್ದೀರಾ? ಒಂದು ನಿಮಿಷ, ಮೆಷಿನ್ ಬಂದ್ ಮಾಡ್ತೇನೆ." ಶಬ್ದ ನಿಂತಿತು. "ಹೇಳಿ. ಬಾಗಿಲು ಬಂತಾ?"

ನಾನು ಬರೆದುಕೊಂಡಿದ್ದ ಮಾತುಗಳೆಲ್ಲ ಮರೆತುಹೋದವು. ಡೈರಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಓದಿದೆ. ಮೆಮೊ, ಪಟ್ಟಿ, ಹಲ್ಲು ನೋವು, ಎಲ್ಲ.

"ಅಜ್ಜಿಗೆ ಗೊತ್ತಿತ್ತು, ಆಯ್ತಾ," ಎಂದರು ಕೊನೆಗೆ.

"ಯಾವ ಅಜ್ಜಿ? ಉಮ್ಮ್ ಖಲ್ಫಾನಾ?"

"ಮತ್ತೆ? ಆಡಿನ ದೊಡ್ಡಿಗೆ ಬಾಗಿಲು ಇಟ್ಟದ್ದು ನಾನಲ್ವಾ. ತಿರುಗಿಸಿ ಇಡುವಾಗ ಪಕ್ಕದಲ್ಲೇ ನಿಂತು ನೋಡಿದ್ರು. ಒಂದು ನಿಮಿಷದ ಕೆಲಸ, ಕಪಾಟಿಗೂ ಇಡ್ಲಾ ಅಂತ ಕೇಳಿದೆ. ಬೇಡ ಅಂದ್ರು. 'ನಿನ್ನ ಮುದೀರ್ ಮೊದಲೇ ಒಂದು ಕಾಗದ ಕೊಟ್ಟಿದ್ದಾನೆ, ಇನ್ನೊಂದು ಕೊಟ್ರೆ ನಿನ್ನ ಕೆಲಸ ಮಾಫಿ. ನನಗೆ ಪರದೆ ಸಾಕು' ಅಂದ್ರು. ನೀವು ಬಂದಾಗ ನಿಮ್ಮನ್ನು ನೋಡಿ ನಗಾಡ್ತಿದ್ರಲ್ಲ, ಅದು ಬಾಗಿಲಿಗಲ್ಲ ಪೊರ್ಬುಗಳೇ."

ಮುದೀರ್ ಎಂದರೆ ಮ್ಯಾನೇಜರ್, ಅಂದರೆ ನಾನೇ; ಮಾಫಿ ಎಂದರೆ ಇಲ್ಲ. ಒಬ್ಬ ಬಡಗಿಯ ಕೆಲಸ ಉಳಿಯಲೆಂದು ಆ ಹೆಂಗಸು ಹೊಸ ಸೊಸೆಯ ಕಪಾಟನ್ನು ವರ್ಷಗಟ್ಟಲೆ ಅರ್ಧ ತೆರೆದೇ ಇಟ್ಟರು. ಕೊನೆಗೆ ಆ ಕೆಲಸ ಹೋಯಿತು, ನನ್ನ ಹಲ್ಲು ನೋವಿನ ದಿನ.

"ನನ್ನಿಂದ ತಪ್ಪಾಯಿತು ಆಚಾರ್ರೇ," ಎಂದೆ. "ಆಗಲೇ ಒಂದು ಮಾತು ಹೇಳಬೇಕಿತ್ತು."

"ಹೇಳ್ಬೇಕಿತ್ತು." ಎಂದರು ಅವರು. "ಅದನ್ನು ನಾನು ನಗಾಡಿ ಬಿಡುದಿಲ್ಲ. ಊರಿಗೆ ಬಂದ ವರ್ಷ ಕಷ್ಟ ಆಯ್ತು. ಯಾಕೆ ಬಂದೆ ಅಂತ ಎಲ್ಲರೂ ಕೇಳುದು, ಎಂತ ಹೇಳುದು? ಬಾಗಿಲು ತಿರುಗಿಸಿದ್ದಕ್ಕೆ ಅಂತ ಹೇಳಿದ್ರೆ ಯಾರು ನಂಬ್ತಾರೆ?"

ಅವರೇ ಮುಂದುವರಿಸಿದರು.

"ಆ ಮೆಮೊ ಉಂಟಲ್ಲ, ಇಲ್ಲೇ ಗೋಡೆಯಲ್ಲಿ ಉಂಟು. ಫ್ರೇಮ್ ಹಾಕಿಸಿದ್ದೇನೆ."

"ಯಾವುದು? ನಾನು ಕೊಟ್ಟದ್ದಾ?"

"ಮತ್ತೆ ಎಷ್ಟು ಕೊಟ್ಟಿದ್ದೀರಿ? ಹಸಿರು ಕಾಗದ, ಮೇಲೆ ಇಂಗ್ಲೆಂಡಿನ ಮುದ್ರೆ, ಕೆಳಗೆ ನಿಮ್ಮ ಸಹಿ. ನನಗೆ ಓದ್ಲಿಕ್ಕೆ ಬರ್ತದಾ? ಬೈದು ಬರೆದದ್ದು ಅಂತ ಗೊತ್ತಿತ್ತು. ಆದ್ರೆ ನೋಡ್ಲಿಕ್ಕೆ ಒಳ್ಳೆದಿತ್ತು, ಗಿರಾಕಿಗಳು ನೋಡಿ ಮರ್ಯಾದೆ ಕೊಡ್ತಿದ್ರು. ಮತ್ತೆ ಮಗಳು ಕಾಲೇಜಿಗೆ ಹೋದ ಮೇಲೆ ಓದಿ ಹೇಳಿದ್ಳು. 'ಅಪ್ಪ, ತೆಗೀರಿ ಇದನ್ನು, ಅಪ್ಪಣೆ ಇಲ್ಲದೆ ಬಾಗಿಲನ್ನು ತಲೆಕೆಳಗು ಮಾಡಿ ಕೂರಿಸಲು ಹೋದ ಅಂತ ಬರೆದಿದ್ದಾರೆ' ಅಂದ್ಳು. ನಾನು ಹೇಳಿದೆ, ಇರ್ಲಿ ಮಗಾ. ಬರೆದದ್ದು ಸರಿಯೇ ಉಂಟಲ್ಲ."

ನನಗೆ ಏನಾದರೂ ಮಾಡಬೇಕೆನಿಸಿತು. "ಬೇರೆ ಒಂದು ಪತ್ರ ಬರೆದು ಕಳಿಸುತ್ತೇನೆ ಆಚಾರ್ರೇ. ನಡೆದದ್ದನ್ನು ನಡೆದ ಹಾಗೆ. ಇದನ್ನು ತೆಗೆದು ಅದನ್ನು ಹಾಕಿ."

"ನೀವು ಕಳಿಸುದಾ?" ಈಗ ಅವರು ನಕ್ಕರು. "ಬೇಡ ಮಾರಾಯ್ರೆ. ನಾನು ಪತ್ರಕ್ಕೆ ಕಾಯುದು, ನೀವು ಐದು ವರ್ಷ ಬಾಗಿಲು ಕಳಿಸುದು."

ಸಂಜೆ ಅವರ ಮಗಳ ಮೊಬೈಲಿನಿಂದ ಒಂದು ಫೋಟೋ ಬಂತು. ದೇವರ ಪಟದ ಪಕ್ಕದಲ್ಲಿ ಗಾಜಿನ ಚೌಕಟ್ಟು, ಮಾಸಿದ ಹಸಿರು ಕಾಗದ. ಅದನ್ನು ದೊಡ್ಡದು ಮಾಡಿ ಓದಿದೆ. ನನ್ನ ಇಂಗ್ಲಿಷ್ ಆ ಕಾಲಕ್ಕೆ ಚೆನ್ನಾಗಿತ್ತು. ಸ್ಥಳ, ತಾರೀಕು, ಮಾಡಿದವರ ಹೆಸರು, ಮಾಡಿದ್ದು ಏನು, ಒಂದೂ ಬಿಟ್ಟಿಲ್ಲ. ಬನಿಯಾಸ್‌ನ ಬಾಗಿಲನ್ನು ಮೊದಲು ತಿರುಗಿಸಿದವರು ಸದಾಶಿವ ಆಚಾರ್ಯ ಎಂಬುದಕ್ಕೆ ಈ ಲೋಕದಲ್ಲಿ ಬೇರೆಯವರು ನೋಡಬಹುದಾದ ಒಂದೇ ಒಂದು ದಾಖಲೆ ಅದು. ಕೆಳಗೆ ನನ್ನ ಸಹಿ.

ಪ್ರೀಮಾ, ನಿನಗೆ ಟಿಪ್ಸ್ ಬದಲು ಆ ಫೋಟೋವನ್ನೇ ಕಳಿಸಿದ್ದೇನೆ. "ಮಾಮ್, ವಾಟ್ ಈಸ್ ದಿಸ್?" ಎಂದು ಕೇಳಿದ್ದೀ. ಅದಕ್ಕೆ ಉತ್ತರ ಇದು.